ತಲೆ ಎತ್ತಿದ ಹಾವು

ಹಾವಿಗೆ ಕಾಯಿಲೆಯಾಗಿದೆಯೆಂದು ತಿಳಿಯುವುದು ಹೇಗೆ? ನನ್ನಂಥ ನಿವೃತ್ತ ಮೇಷ್ಟರ ತಲೆಗೆ ತಾನಾಗಿ ಹೊಳೆಯುವ ಪ್ರಶ್ನೆಯಲ್ಲ ಇದು. ನಮ್ಮ ಕಡೆ ಹಾವು ಕಂಡರೆ ಕೈಮುಗಿಯುವವರುಂಟು, ಕೋಲು ಹುಡುಕುವವರುಂಟು. ಅದರ ದೇಹಸ್ಥಿತಿಯನ್ನು ವಿಚಾರಿಸುವವರನ್ನು ನಾನು ಕಂಡಿರಲಿಲ್ಲ. ೨೦೨೨ರ ಚಳಿಗಾಲದಲ್ಲಿ, ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇರಬೇಕಾಗಿ ಬಂದಾಗ ಈ ಪ್ರಶ್ನೆ ನನಗೆ ಗಂಟುಬಿದ್ದಿತು. ಅದರ ಬೆನ್ನುಹತ್ತಿ ಹೊರಟ ನಾನು ಕಡೆಗೆ ಹೋಗಿ ನಿಂತದ್ದು ಅರುವತ್ತು ವರ್ಷಗಳ ಹಿಂದೆ ತೀರಿಕೊಂಡ ನಮ್ಮ ಸೋದರತ್ತೆಯ ಹಾಸಿಗೆಯ ಬಳಿ. ಅದು ಹೇಗಾಯಿತೆಂಬುದನ್ನು ಹೇಳುತ್ತೇನೆ.

ಮಗಳ ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗ ಒಂದು ಹೆಬ್ಬಾವನ್ನು ಸಾಕಿದ್ದ. ಹೆಬ್ಬಾವೆಂದ ಕೂಡಲೆ ಕುರಿ ನುಂಗುವ ಪ್ರಾಣಿಯನ್ನು ನೆನೆಯಬೇಡಿ. ಇದು ಆಫ್ರಿಕದ ಪಶ್ಚಿಮ ಮತ್ತು ಮಧ್ಯಭಾಗಗಳ ಜಾತಿ; ಸಾಮಾನ್ಯವಾಗಿ ನಾಲ್ಕೈದು ಅಡಿಗಿಂತ ಉದ್ದ ಬೆಳೆಯುವುದಿಲ್ಲ. ಬ್ರಿಟನ್ನಿನವರು ಇದನ್ನು ರಾಯಲ್ ಪೈಥಾನ್ ಎನ್ನುತ್ತಾರೆ. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಬಾಲ್ ಪೈಥಾನ್ ಎನ್ನುತ್ತಾರೆ. ಮೈಸೂರಿನಲ್ಲೇ ಉಳಿದಿದ್ದ ನನ್ನ ಹೆಂಡತಿ ಫೋನಿನಲ್ಲಿಯೇ ಅದಕ್ಕೆ ವಾಸುಕಿ ಎಂದು ನಾಮಕರಣ ಮಾಡಿದ್ದಳು.

ವಾಸುಕಿಯ ವಾಸ ನಡುಮನೆಯಲ್ಲಿ, ಮುಂದುಗಡೆ ಗಾಜಿದ್ದ ಒಂದು ಮರದ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಒಂದು ಮೂಲೆ ಬೆಚ್ಚಗೆ, ೩೦ ಡಿಗ್ರಿ ಸೆಲ್ಸಿಯಸ್ಸಿಗಿಂತ ತುಸು ಮೇಲೆ ಇರಬೇಕು. ಇನ್ನೊಂದು ಮೂಲೆ ತಂಪಾಗಿರಬೇಕು. ಹಾವು ನಮ್ಮಂತೆ ಮೈಯೊಳಗೆ ಶಾಖವನ್ನು ಹುಟ್ಟಿಸಿಕೊಂಡು ಬದುಕುವ ಪ್ರಾಣಿಯಲ್ಲ. ಕಾಡಿನಲ್ಲಾದರೆ ಬಿಸಿಲಿಗೋ ನೆರಳಿಗೋ ಸರಿದು ತನ್ನ ಹದವನ್ನು ತಾನೇ ಕಂಡುಕೊಳ್ಳುತ್ತದೆ. ಪೆಟ್ಟಿಗೆಯ ಹಾವಿಗೆ ಸೂರ್ಯನೆಂದರೆ ಗೋಡೆಯ ಮೇಲಿನ ಒಂದು ಸ್ವಿಚ್ಚು.

ಆ ಸ್ವಿಚ್ಚಿನಲ್ಲಿಯೇ ನನ್ನ ಅಪರಾಧವಿರುವುದು. ಆ ವರ್ಷ ಬ್ರಿಟನ್ನಿನಲ್ಲಿ ವಿದ್ಯುತ್ತಿನ ಬೆಲೆ ಬಹಳ ಏರಿತ್ತು. ಮನೆಯಲ್ಲಿ ದಿನವೂ ಅದೇ ಮಾತು. ನಾನೋ ಲಾಟೀನಿನ ಬತ್ತಿಯನ್ನು ತಗ್ಗಿಸಿಕೊಂಡು ಓದಿ ಬೆಳೆದವನು. ಎಲ್ಲರೂ ಮಲಗಿದ ಮೇಲೆ ಮನೆಯನ್ನೊಮ್ಮೆ ಸುತ್ತಿ, ಉರಿಯುತ್ತಿದ್ದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಬೆಳಗ್ಗೆ ಐದಕ್ಕೆ ಕಾಫಿಗೆಂದು ಎದ್ದಾಗ ಮತ್ತೆ ಹಾಕುವುದನ್ನು ರೂಢಿ ಮಾಡಿಕೊಂಡೆ. ಪುಸ್ತಕದ ಕಪಾಟಿನ ಹಿಂದಿದ್ದ ಒಂದು ವಯರು ಎಲ್ಲಿಗೆ ಹೋಗುತ್ತದೆಂದು ನಾನು ನೋಡಲಿಲ್ಲ. ನನ್ನ ಮಿತವ್ಯಯ ಯಾರ ಕಣ್ಣಿಗೂ ಬೀಳಲಿಲ್ಲ.

ಮೂರು ವಾರ ಕಳೆಯಿತು. ವಾಸುಕಿ ತನ್ನ ಪಾಲಿನ ಇಲಿಯನ್ನು ಮುಟ್ಟದೆ ಬಿಟ್ಟಿತು. "ಚಳಿಗಾಲದಲ್ಲಿ ಇವು ತಿನ್ನದೆ ಇರುತ್ತವೆ ತಾತ, ಗಾಬರಿಯಾಗಬೇಡಿ" ಎಂದ ಹುಡುಗ. ಅವನೆಂದದ್ದು ಸರಿಯೇ, ಆರೋಗ್ಯವಾಗಿರುವ ಹಾವೂ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಅನಂತರ ಒಂದು ರಾತ್ರಿ, ನಾನೊಬ್ಬನೇ ಓದುತ್ತ ಕುಳಿತಿದ್ದಾಗ, ಅದು ಗಾಜಿಗೆ ಕತ್ತನ್ನು ಆನಿಸಿ ತಲೆಯನ್ನು ಮೇಲಕ್ಕೆತ್ತಿ ಬಹಳ ಹೊತ್ತು ಹಾಗೆಯೇ ನಿಂತಿತು. ನನ್ನ ಕಡೆಗೇ ನೋಡುತ್ತಿರುವಂತೆ ತೋರಿತು. ಮರುದಿನವೂ ಹಾಗೆಯೇ. ಪರದೇಶದಲ್ಲಿ ಮಾತಿಗೆ ಜನವಿಲ್ಲದೆ ಕುಳಿತ ಮುದುಕನಿಗೆ ಅದೆಷ್ಟು ಹಿತವಾಯಿತೆಂದರೆ, ನಾನು ಓದುತ್ತಿದ್ದುದನ್ನು ಗಟ್ಟಿಯಾಗಿ ಓದತೊಡಗಿದೆ! ಒಮ್ಮೆ ಅದು ಬಾಯಿ ತೆರೆಯಿತು. ಆಕಳಿಸಿತೆಂದು ನಕ್ಕೆ. "ನಿನ್ನ ಹಾವು ನನ್ನ ಗುರುತು ಹಿಡಿಯುತ್ತದೆ ಕಣೋ" ಎಂದು ಮೊಮ್ಮಗನಿಗೆ ಹೆಮ್ಮೆಯಿಂದ ಹೇಳಿದೆ.

ಅವನು ಅದನ್ನು ಎತ್ತಿ ಕಿವಿಯ ಬಳಿ ಹಿಡಿದು ಕೇಳಿದ. ಸಣ್ಣಗೆ ಸಿಳ್ಳಿನಂಥ ಸದ್ದು. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಹುಡುಗನ ಮುಖ ಬಿಳಿಚಿಕೊಂಡಿತು. "ಅದು ನಿಮ್ಮನ್ನು ನೋಡ್ತಿಲ್ಲ ತಾತ. ಅದಕ್ಕೆ ಉಸಿರಾಡೋಕೆ ಆಗ್ತಿಲ್ಲ."

ಪಶುವೈದ್ಯೆ ವಿವರಿಸಿ ಹೇಳಿದರು. ಹಾವಿಗೆ ನಮಗಿರುವಂಥ ವಪೆಯಿಲ್ಲ. ನಮ್ಮಂತೆ ಕೆಮ್ಮಿ ಕಫವನ್ನು ಹೊರಹಾಕಲಾರದು. ಶ್ವಾಸಕೋಶದಲ್ಲಿ ಸೋಂಕಾದಾಗ ಲೋಳೆ ಅಲ್ಲಿಯೇ ನಿಲ್ಲುತ್ತದೆ. ಉಸಿರಿಗೆ ದಾರಿ ಮಾಡಿಕೊಳ್ಳಲು ತಲೆಯನ್ನು ಮೇಲಕ್ಕೆತ್ತುತ್ತದೆ, ಬಾಯಿ ತೆರೆಯುತ್ತದೆ. ಚಳಿಗೆ ಸಿಕ್ಕ ಹಾವಿನ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಅದಕ್ಕೆ ರೆಪ್ಪೆಯಿಲ್ಲ, ನರಳುವ ದನಿಯಿಲ್ಲ, ನೋವಿಗೆ ಮುಖ ಕಿವಿಚಿಕೊಳ್ಳುವುದಿಲ್ಲ. ಆದುದರಿಂದ ಹುಡುಕಿ ನೋಡಬೇಕು: ಒಸಡು ಕೆಂಪಾಗಿದೆಯೆ, ಜೊಲ್ಲು ದಾರದಂತೆ ಎಳೆಯುತ್ತಿದೆಯೆ, ಪೊರೆ ಇಡಿಯಾಗಿ ಕಳಚಿತೆ, ಚೂರುಚೂರಾಗಿ ಮೈಗಂಟಿತೆ? ಇಷ್ಟಾದರೂ ಗುರುತುಗಳು ಮೋಸಮಾಡುತ್ತವೆ. ಕಣ್ಣು ಹಾಲು ಬೆರಸಿದ ನೀಲಿಯಂತೆ ಮಂಕಾದರೆ ನಾವು ಹೆದರುತ್ತೇವೆ; ಅದು ಪೊರೆ ಬಿಡುವ ಮೊದಲಿನ ಸಹಜಸ್ಥಿತಿ. ಉಪವಾಸವನ್ನು ಸಹಜವೆನ್ನುತ್ತೇವೆ, ಅದು ರೋಗವಿರಬಹುದು. ಇದಕ್ಕೆ ವೈದ್ಯೆ ಹೇಳಿದ ಉಪಾಯ ಅಡಿಗೆಮನೆಯ ತಕ್ಕಡಿ. ಸುಖವಾಗಿ ಉಪವಾಸವಿರುವ ಹಾವು ತೂಕವನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ವಾಸುಕಿ ೧೪೦೦ ಗ್ರಾಮಿನಿಂದ ೧೨೬೦ಕ್ಕೆ ಇಳಿದಿತ್ತು.

"ರಾತ್ರಿ ಪೆಟ್ಟಿಗೆ ತಣ್ಣಗಾಗುತ್ತಿತ್ತೆ?" ಎಂದು ಅವರು ಕೇಳಿದರು. ಹುಡುಗ ಇಲ್ಲವೆಂದು ಆಣೆಯಿಟ್ಟ. ನನಗೆ ಆಗ ಕಪಾಟಿನ ಹಿಂದಿನ ವಯರು ನೆನಪಾಯಿತು. ಕಾರಿನಲ್ಲಿ ಕುಳಿತ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಅವನು ಮಾತಾಡಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಬಿದ್ದುಕೊಂಡಿದ್ದಾಗ ಅತ್ತೆ ನೆನಪಾದರು. ೧೯೬೧ರಲ್ಲಿ ನನಗೂ ಮೊಮ್ಮಗನಷ್ಟೇ ವಯಸ್ಸು. ಅತ್ತೆ ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿ, ಒಲೆಯ ಮುಂದೆಯೇ ಆಯುಸ್ಸನ್ನು ಸವೆಸಿದವರು. ಆ ವರ್ಷ ರಾತ್ರಿ ಯಾವಾಗ ಎಚ್ಚರವಾದರೂ ಅವರು ಗೋಡೆಗೊರಗಿ, ತಲೆಯೆತ್ತಿ, ಜಪಮಾಲೆ ಹಿಡಿದು ಕುಳಿತಿರುತ್ತಿದ್ದರು. "ನಮ್ಮಕ್ಕ ರಾತ್ರಿಯೆಲ್ಲ ಜಪ ಮಾಡುತ್ತಾಳೆ" ಎಂದು ನಮ್ಮ ತಂದೆ ಬಂದವರಿಗೆಲ್ಲ ಹೇಳುತ್ತಿದ್ದರು. ನೆರೆಯ ಹೆಂಗಸರು ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ಆ ಕಾಲು ಊದಿಕೊಂಡಿದ್ದುದನ್ನು, ಮುಟ್ಟಿದ ಕೈಗಳಲ್ಲಿ ಒಂದೂ ಗಮನಿಸಲಿಲ್ಲ. ಕಡೆಗೆ ಡಾಕ್ಟರು ಬಂದು ಕೇಳಿದ ಮೊದಲ ಪ್ರಶ್ನೆ: "ಇವರು ಮಲಗಲಾರದೆ ಎಷ್ಟು ದಿನವಾಯಿತು?" ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು; ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದೇ ತಿಂಗಳು ಅವರು ಹೋದರು. ಅವರು ಮುಚ್ಚಿಟ್ಟಿದ್ದರೆಂದೂ ಹೇಳುವಂತಿಲ್ಲ. "ಮಲಗಕ್ಕೆ ಆಗಲ್ಲ, ಇನ್ನೇನು ಮಾಡಲಿ, ರಾಮ ರಾಮ ಅಂತೀನಿ" ಎಂದು ಒಮ್ಮೆ ನನ್ನೆದುರಿಗೇ ಹೇಳಿದ್ದರು. ನಾವು ಅದನ್ನು ವಿನಯವೆಂದುಕೊಂಡೆವು.

ಇಂಥದೇ ಇನ್ನೊಂದು ದೃಶ್ಯವನ್ನು ಓದುಗರೂ ಬಲ್ಲರು. ನಾಗರಪಂಚಮಿಯ ದಿನ ಹಾವಾಡಿಗ ಬುಟ್ಟಿ ತೆರೆಯುತ್ತಾನೆ, ನಾಗಪ್ಪ ಹಾಲು ಕುಡಿಯುತ್ತಾನೆ, ನಾವು ಧನ್ಯರಾಗುತ್ತೇವೆ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಅರಗುವುದೂ ಇಲ್ಲ. ಹಿಡಿದು, ಹಲ್ಲು ಕಿತ್ತು, ದಿನಗಟ್ಟಲೆ ನೀರಿಲ್ಲದೆ ಕೂಡಿಹಾಕಿದ ಪ್ರಾಣಿ ಬಾಯಾರಿಕೆಯಿಂದ ಸಿಕ್ಕಿದ್ದನ್ನು ಹೀರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರಹಾವನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ಆದರೆ ಆ ಬಾಯಾರಿಕೆಯನ್ನು ಪ್ರಸನ್ನತೆಯೆಂದು ಓದಿಕೊಂಡ ಕಣ್ಣನ್ನು ಯಾವ ಕಾಯಿದೆಯೂ ತಿದ್ದಲಾರದು.

ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ನಮ್ಮ ತಾರ್ಕಿಕರು ಅನುಮಾನಕ್ಕೆ ಉದಾಹರಣೆ ಕೊಡುತ್ತಾರೆ. ನನಗೆ ಹೊಗೆ ಕಂಡಿತ್ತು. ಹಗ್ಗವನ್ನು ಹಾವೆಂದು ಭ್ರಮಿಸುವುದು ವೇದಾಂತಿಗಳ ದೃಷ್ಟಾಂತ. ನಾನು ಹಾವನ್ನು ಹಾವೆಂದೇ ಕಂಡೆ, ಎತ್ತಿದ ತಲೆಯನ್ನು ಎತ್ತಿದ ತಲೆಯೆಂದೇ ಕಂಡೆ. ತಪ್ಪಿದ್ದು ಆಮೇಲೆ. ಎರಡು ಅರ್ಥಗಳು ಸಾಧ್ಯವಿದ್ದಾಗ, ನನ್ನನ್ನು ನಡುವೆ ಕೂರಿಸಿ ಸನ್ಮಾನ ಮಾಡುವ ಅರ್ಥವನ್ನೇ ಆರಿಸಿಕೊಂಡೆ. ಹಾವು ನನ್ನನ್ನು ಮೆಚ್ಚಿದೆ. ಅತ್ತೆಯ ಜಪ ನಮ್ಮ ಮನೆತನದ ಪುಣ್ಯ. ನಾಗಪ್ಪ ನನ್ನ ಹಾಲನ್ನು ಸ್ವೀಕರಿಸಿದ.

ಹಾಗಾದರೆ ಪ್ರೀತಿಯ ಪ್ರತಿಯೊಂದು ಗುರುತನ್ನೂ ಶಂಕಿಸುತ್ತ ಕೂಡಬೇಕೆ, ಮನೆಯನ್ನು ಆಸ್ಪತ್ರೆ ಮಾಡಬೇಕೆ, ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಶಂಕಿಸುವವನು ಯಾರನ್ನೂ ಪ್ರೀತಿಸಲಾರ. ಆದರೆ ನನ್ನ ಮನಸ್ಸಿಗೆ ಹಿತವಾಗುವ ಅರ್ಥ ಹೊಳೆದಾಗ ಇನ್ನೊಮ್ಮೆ ನೋಡುವುದು ಅಷ್ಟು ದೊಡ್ಡ ತಪಸ್ಸೇನಲ್ಲ. ಅದರಲ್ಲೂ ನಮ್ಮ ವಶದಲ್ಲಿರುವವರ ವಿಷಯದಲ್ಲಿ ಇದು ಸಾಲ. ತನ್ನ ಬಿಸಿಲನ್ನು ತಾನೇ ಹುಡುಕಿಕೊಂಡು ಹೋಗಲಾರದ ಜೀವವನ್ನು ಇಟ್ಟುಕೊಂಡವನು ಅದರ ಪರವಾಗಿ ಗಮನಿಸಲೇಬೇಕು. ಇಂಗ್ಲೆಂಡಿನ ೨೦೦೬ರ ಪ್ರಾಣಿಹಿತ ಕಾಯಿದೆ, ನೋವಿನಿಂದ ರೋಗದಿಂದ ಪ್ರಾಣಿಯನ್ನು ಕಾಯುವ ಹೊಣೆಯನ್ನು ಸಾಕಿದವರ ಮೇಲೆ ಹೊರಿಸುತ್ತದೆ. ಅದು ಹಾವಿಗೂ ಅನ್ವಯಿಸುತ್ತದೆ. ೧೯೬೧ರಲ್ಲಿ ತಮ್ಮನ ಮನೆಯ ಅಡಿಗೆಮನೆಯೇ ಪ್ರಪಂಚವಾಗಿದ್ದ ಹೆಂಗಸಿಗೂ ಅಂಥದೊಂದು ಪೆಟ್ಟಿಗೆಯೇ ಇದ್ದಿತು. ಅದರ ಸ್ವಿಚ್ಚು ನಮ್ಮ ಕೈಯಲ್ಲಿತ್ತು.

ವಾಸುಕಿ ಬದುಕಿತು. ಕೆಲವು ವಾರ ಇಂಜೆಕ್ಷನ್, ಹಗಲೂ ರಾತ್ರಿ ಬಿಡದ ಶಾಖ. ಮಾರ್ಚಿಯಲ್ಲಿ ಒಂದು ಇಲಿಯನ್ನು ನುಂಗಿತು. ಮೊಮ್ಮಗ ಕ್ಷಮಿಸಿದೆನೆಂದು ಬಾಯಲ್ಲಿ ಹೇಳಲಿಲ್ಲ. ಸ್ವಿಚ್ಚಿನ ಮೇಲೆ ಒಂದು ಕೆಂಪು ಕಾಗದವನ್ನು ಅಂಟಿಸಿದ. ತೂಕ ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಭಾನುವಾರ ಭಾನುವಾರ ನೀವೇ ಬರೀಬೇಕು ತಾತ" ಎಂದ. ಹೊರಡುವವರೆಗೂ ಬರೆದೆ.

ಈಗ ಮೈಸೂರಿನಲ್ಲಿದ್ದೇನೆ. ನನ್ನ ಹೆಂಡತಿ ರಾತ್ರಿ ಎದ್ದು ಕುಳಿತದ್ದು ಕಂಡರೆ ನಾನೂ ಎದ್ದು ದೀಪ ಹಾಕುತ್ತೇನೆ. "ಏನಿಲ್ಲ, ಸೆಖೆ. ಮಲಕೊಳ್ಳಿ" ಎನ್ನುತ್ತಾಳೆ. ನಾನು ಬಗ್ಗಿ ಅವಳ ಪಾದಗಳನ್ನು ಒತ್ತಿ ನೋಡುತ್ತೇನೆ. ಅವಳಿಗೆ ರೇಗುತ್ತದೆ. ರೇಗಲಿ. ಸೆಖೆಯೇ ಹೌದೆಂದು ಖಾತ್ರಿಯಾದ ಮೇಲೆ ದೀಪವನ್ನು ಆರಿಸುತ್ತೇನೆ.