ಅರಿವೂ ಅಭಯವೂ

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಕಲ್ಪನೆಗೂ ನಿಲುಕದ ಈ ಅಳತೆಯಲ್ಲಿ ಇಂದು ವೈದ್ಯವಿಜ್ಞಾನ ಕೆಲಸ ಮಾಡುತ್ತಿದೆ. ಕೋವಿಡ್ ಕಾಲದಲ್ಲಿ ನಾವು ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯ ಪಟ್ಟಿಯನ್ನು ನೆನೆಯಿರಿ. ಅಂತಹ ಅನೇಕ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಚಿನ್ನದ್ದು. ಕೆಲವೇ ಹತ್ತು ನ್ಯಾನೋಮೀಟರುಗಳ ಗಾತ್ರಕ್ಕಿಳಿದ ಚಿನ್ನದ ಕಣಗಳು ದ್ರವದಲ್ಲಿ ಹಳದಿಯಾಗಿ ಕಾಣದೆ ಕೆಂಪಾಗಿ ತೋರುತ್ತವೆ. ಅವುಗಳಿಗಂಟಿಸಿದ ಪ್ರತಿಕಾಯಗಳು ವೈರಾಣುವಿನ ಅಂಶವನ್ನು ಹಿಡಿದು ಒಂದೆಡೆ ನಿಂತಾಗ ಗೆರೆ ಕಾಣಿಸುತ್ತದೆ.

ಚಿಕಿತ್ಸೆಯ ಮಾತೂ ಹಾಗೆಯೇ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹೃದಯಕ್ಕೆ ಹಾನಿ ಮಾಡಬಲ್ಲುದು. ಅದನ್ನು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಪೊಟ್ಟಣಗಳಲ್ಲಿ ತುಂಬಿ ಕೊಡುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೃದಯದ ಅಪಾಯ ತಗ್ಗಿತು. ಆದರೆ ಕೆಲವರ ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಹೊಸ ತೊಂದರೆ ಕಂಡುಬಂದಿತು. ಪರಿಪೂರ್ಣವಾದುದು ಯಾವುದೂ ಇಲ್ಲ.

ರೋಗವನ್ನು ಇನ್ನಷ್ಟು ಬೇಗ, ಇನ್ನಷ್ಟು ಸುಲಭವಾಗಿ ಗುರುತಿಸಬೇಕೆಂಬುದು ಈ ವಿಜ್ಞಾನದ ಹಂಬಲ. ಗುರುತಿಸಿದ್ದನ್ನು ರೋಗಿಗೆ ತಿಳಿಸಬೇಕೆ, ಹೇಗೆ ತಿಳಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಯಾವ ಉಪಕರಣವೂ ಉತ್ತರಿಸದು.

ಬಹಳ ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಕ್ಯಾನ್ಸರ್ ಎಂದು ತಿಳಿದಾಗ ನಾವೆಲ್ಲ ಸೇರಿ ಅದನ್ನು ಮುಚ್ಚಿಟ್ಟೆವು. ವರದಿ ಇಂಗ್ಲಿಷಿನಲ್ಲಿತ್ತು, ಆಸ್ಪತ್ರೆಯ ಮಾತು ಮಲಯಾಳದಲ್ಲಿತ್ತು. ಕನ್ನಡ ಮಾತ್ರ ಬಲ್ಲ ಅಣ್ಣನಿಗೆ ದಾರಿಯೆಂದರೆ ನಾನೊಬ್ಬನೇ. "ತಮ್ಮಾ, ನನಗೆ ಆಗಿರುವುದೇನು?" ಎಂದು ಅವನು ಎರಡು ಸಲ ಕೇಳಿದ. "ಹೊಟ್ಟೆಯ ಹುಣ್ಣು, ವಾಸಿಯಾಗುತ್ತದೆ" ಎಂದೆ. ಮಕ್ಕಳಿಗೆ ಸತ್ಯದ ಪಾಠ ಹೇಳುತ್ತಿದ್ದ ಬಾಯಿಯೇ ಅದನ್ನು ಹೇಳಿತು. ಹತ್ತು ವರ್ಷಗಳಿಂದ ಮಾತು ಬಿಟ್ಟಿದ್ದ ತಂಗಿಯನ್ನು ಅವನು ಕರೆಸಲಿಲ್ಲ, ಅವಸರವಿಲ್ಲವೆಂದು ನಂಬಿದ್ದ. ಆ ನಂಬಿಕೆಯನ್ನು ಕೊಟ್ಟವನು ನಾನು.

ಕರುಣೆಯಿಂದಲೇ ಹಾಗೆ ಮಾಡಿದೆವು ಎನ್ನಬಹುದು. ತಿಳಿದರೆ ಕುಗ್ಗುವವರು ಇದ್ದಾರೆ. ತನಗೆ ತಿಳಿಯುವುದು ಬೇಡವೆನ್ನುವ ಹಕ್ಕೂ ರೋಗಿಗಿದೆ. ಆದರೆ ಆ ಆಯ್ಕೆ ಅವನದು, ನಮ್ಮದಲ್ಲ. ಕೇಳಿದವನಿಗೆ ಸುಳ್ಳು ಹೇಳಿದಾಗ ಅವನ ಉಳಿದ ದಿನಗಳನ್ನು ಅವನಿಂದ ಕಸಿದುಕೊಂಡಂತಾಯಿತು. ನಮ್ಮ ಕರುಣೆಯಲ್ಲಿ ಅರ್ಧ ಪಾಲು ನಮ್ಮದೇ ಅಂಜಿಕೆಯಾಗಿತ್ತೆಂದು ಈಗ ತೋರುತ್ತದೆ.

ಹಿಂದೆ ರೋಗಕ್ಕೂ ರೋಗಿಗೂ ನಡುವೆ ವೈದ್ಯನೊಬ್ಬ ನಿಂತಿರುತ್ತಿದ್ದ. ಇಂದು ಅಂಗೈಯಗಲದ ಪಟ್ಟಿ ಕಾಲು ಗಂಟೆಯಲ್ಲಿ, ಒಂಟಿಯಾಗಿ ಕುಳಿತವನಿಗೂ ಸುದ್ದಿ ಹೇಳಬಲ್ಲುದು. ಇನ್ನು ಮುಚ್ಚಿಡುವುದು ಕಷ್ಟವಾದೀತು; ಅದು ಒಳ್ಳೆಯದೇ. ಆದರೆ ಸುದ್ದಿಯ ಜೊತೆಗೆ ಅಭಯವನ್ನು ಪಟ್ಟಿ ಕೊಡಲಾರದು. ಗಡಿನಾಡಿನ ನಮ್ಮ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಮನೆಮಾತಿನಲ್ಲೇ ನಿಜವನ್ನು ಮೆಲ್ಲನೆ ಹೇಳಿ, ಹೇಳಿದ ಮೇಲೆ ಎದ್ದು ಹೋಗದೆ ಕೈಹಿಡಿದು ಕೂರುವವರು ಬೇಕು. ಆ ಕೆಲಸ ನಮ್ಮ ಮನೆಗಳಿಂದಲೇ ಮೊದಲಾಗಬೇಕು.