ಜಾರಿದ ಕಾಲು, ದಕ್ಕಿದ ಗೆಲುವು

ಗೆದ್ದವರು ತಮ್ಮ ಗೆಲುವನ್ನು ಪೂರ್ತಿ ತಮ್ಮದೇ ಎಂದುಕೊಳ್ಳಬಹುದೇ? ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನನ್ನನ್ನು ಈ ಪ್ರಶ್ನೆ ಬಿಟ್ಟದ್ದೇ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಊರುಗಳಲ್ಲಿ ಎರಡು ಬಗೆಯ ಮಾತು ಕೇಳಿಸುತ್ತದೆ. ಪಾಸಾದವರ ಮನೆಯಲ್ಲಿ "ಹಗಲೂ ರಾತ್ರಿ ಓದಿದ್ಲು" ಎನ್ನುತ್ತಾರೆ. ಫೇಲಾದವರ ಮನೆಯಲ್ಲಿ "ಹಣೇಲಿ ಬರೆದಿರಲಿಲ್ಲ" ಎನ್ನುತ್ತಾರೆ. ಗೆದ್ದರೆ ದುಡಿಮೆ, ಸೋತರೆ ಹಣೆಬರಹ. ಈ ಲೆಕ್ಕ ಎಲ್ಲರಿಗೂ ಅನುಕೂಲವಾದದ್ದು. ಸರಿಯಾದದ್ದು ಹೌದೋ ಅಲ್ಲವೋ ಎಂಬುದು ಬೇರೆ ಮಾತು.

ಇದಕ್ಕೆ ನಾನು ಉದಾಹರಣೆ ಹುಡುಕುವುದು ಕ್ರಿಕೆಟ್ಟಿನಲ್ಲಿ ಎಂದರೆ ನೀವು ನಗಬಹುದು. ಅಡುಗೆ, ಮಕ್ಕಳು, ಸೀರಿಯಲ್ಲು ಬಿಟ್ಟು ಈ ವಯಸ್ಸಿನ ಟೀಚರಮ್ಮನಿಗೆ ಕ್ರಿಕೆಟ್ಟೇ ಎಂದು. ಆದರೆ 1976ರಲ್ಲೇ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಭಾರತದ ಮಹಿಳಾ ತಂಡವನ್ನು ಮೊದಲ ಟೆಸ್ಟ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಹಾಗಾಗಿ ಈ ಆಟದ ಮೇಲೆ ನಮಗೂ ಸ್ವಲ್ಪ ಹಕ್ಕಿದೆ.

ನಾನು ಹೇಳಹೊರಟಿರುವುದು 1973-74ರ ರಣಜಿ ಋತುವಿನ ಮಾತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಹೆಸರು ಬದಲಾದ ಆ ಋತುವಿನಲ್ಲೇ ನಮ್ಮ ತಂಡ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲು 1958-59ರಿಂದ ಸತತವಾಗಿ 15 ವರ್ಷ ಟ್ರೋಫಿ ಬೊಂಬಾಯಿಯದ್ದೇ. ಮೈಸೂರು ಎರಡು ಸಲ, 1941-42ರಲ್ಲಿ ಮತ್ತು 1959-60ರಲ್ಲಿ, ಫೈನಲ್ಲಿನವರೆಗೆ ಹೋಗಿತ್ತು. ಎರಡು ಸಲವೂ ಬೊಂಬಾಯಿಯ ಕೈಯಲ್ಲೇ ಸೋತಿತ್ತು. ಬೇರೆಯವರು ಆಡುವುದು, ಬೊಂಬಾಯಿಯವರು ಗೆಲ್ಲುವುದು ಎಂಬುದೇ ಆಗಿನ ವಾಡಿಕೆ.

ಆ ವರ್ಷದ ಸೆಮಿಫೈನಲ್ಲು ಬೆಂಗಳೂರಿನಲ್ಲಿ ನಡೆಯಿತು. ನಾಯಕ ಪ್ರಸನ್ನ. ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ 162 ರನ್ ಹೊಡೆದರು, ಬ್ರಿಜೇಶ್ ಪಟೇಲ್ 106. ಕರ್ನಾಟಕ ಒಟ್ಟು 385. ಅಂಥ ಪಂದ್ಯಗಳಲ್ಲಿ ಪೂರ್ತಿ ತೀರ್ಮಾನವಾಗದಿದ್ದರೆ ಮೊದಲ ಇನಿಂಗ್ಸಿನಲ್ಲಿ ಹೆಚ್ಚು ರನ್ ಮಾಡಿದವರೇ ಮುಂದಕ್ಕೆ. ಪ್ರಸನ್ನ ಗಾವಸ್ಕರರ ವಿಕೆಟ್ಟನ್ನೇನೋ ಕಿತ್ತರು. ಆದರೆ ಬೊಂಬಾಯಿ ನಾಯಕ ಅಜಿತ್ ವಾಡೇಕರ್ ನೆಲೆಯೂರಿ ನಿಂತರು. ಅವರು 62 ರನ್ ಮಾಡಿದ್ದಾಗ ರನ್ನಿಗೆ ಓಡುವಾಗ ಕಾಲು ಜಾರಿತು. ರನೌಟ್. ಬೊಂಬಾಯಿ 307ಕ್ಕೆ ಮುಗಿಯಿತು. ಆಮೇಲೆ ಜೈಪುರದ ಫೈನಲ್ಲಿನಲ್ಲಿ ನಮ್ಮವರು ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿದರು.

ನನಗಾಗ ಎಂಟು ವರ್ಷವೂ ತುಂಬಿರಲಿಲ್ಲ. ನೆನಪಿರುವುದು ರನ್ನುಗಳಲ್ಲ, ನಮ್ಮ ಮನೆಯ ಜಗಳ. ಚಿಕ್ಕಪ್ಪ ಪೇಪರು ಹಿಡಿದುಕೊಂಡು ವಾಡೇಕರ್ ಜಾರಿ ಔಟಾದದ್ದನ್ನು ಕುಣಿದಾಡುತ್ತಾ ಹೇಳಿದರು. ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು, "ಅಯ್ಯೋ ಪಾಪ! ಬಿದ್ದೋನನ್ನ ಎತ್ತೋದು ಬಿಟ್ಟು ಔಟ್ ಮಾಡಿದ್ರೇನೋ?" ಎಂದರು.

"ಅದು ಆಟ ಕಣಮ್ಮಾ, ಯುದ್ಧ ಅಲ್ಲ" ಎಂದರು ಚಿಕ್ಕಪ್ಪ.

"ಆಟ ಅಂದ್ಮೇಲೆ ಇನ್ನೂ ಎತ್ತಬೇಕಪ್ಪ."

ಚಿಕ್ಕಪ್ಪನಿಗೆ ಉತ್ತರ ಹೊಳೆಯಲಿಲ್ಲ. ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಅಜ್ಜಿಯ ಮಾತಿನಲ್ಲಿ ಕರುಣೆಯಿದೆ, ಆದರೆ ನ್ಯಾಯ ಪೂರ್ತಿಯಿಲ್ಲ ಎಂದು ಈಗ ಅನ್ನಿಸುತ್ತದೆ. ವಾಡೇಕರರನ್ನು ಯಾರೂ ತಳ್ಳಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರೂ ಅದೇ ನೆಲದ ಮೇಲೆ ಓಡಿದವರೇ. ಹಾಗೆ ಬಂದ ಅದೃಷ್ಟವನ್ನು ತೆಗೆದುಕೊಳ್ಳುವುದರಲ್ಲಿ ಪಾಪವಿಲ್ಲ. ಪಾಪವಿರುವುದು ತಪ್ಪೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಲಾಭ ಪಡೆಯುವುದರಲ್ಲಿ. ಈ ವ್ಯತ್ಯಾಸವನ್ನು ಕಲಿಸಿದವರೂ ಅದೇ ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಇಂಗ್ಲೆಂಡಿನ ಮೇಲೆ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕ ಅವರೇ. ಐದು ವಿಕೆಟ್ ಬಿದ್ದು ಇಂಗ್ಲೆಂಡ್ ಕಷ್ಟದಲ್ಲಿದ್ದಾಗ ಬಾಬ್ ಟೇಲರ್ ಕ್ಯಾಚಿತ್ತು ಔಟಾದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ವಾಪಸು ಕರೆಸಿದರು. ಟೇಲರ್ 43 ರನ್ ಮಾಡಿ ಬೋಥಮ್ ಜೊತೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. "ಏನು ಬಂತು ಆ ಒಳ್ಳೆತನದಿಂದ?" ಎಂದು ಕೇಳಿದವರಿದ್ದರು. ಬಂದದ್ದು ಇಷ್ಟೇ: ಆ ಪಂದ್ಯದ ಮಾತು ಬಂದಾಗ ಜನ ಸೋಲಿನ ಜೊತೆಗೆ ಈ ಸಂಗತಿಯನ್ನೂ ಹೇಳುತ್ತಾರೆ.

ಅಂದರೆ ಸುಳ್ಳಿನಿಂದ ಸಿಕ್ಕಿದ್ದನ್ನು ಹಿಂದಿರುಗಿಸಬೇಕು. ಅದೃಷ್ಟದಿಂದ ಸಿಕ್ಕಿದ್ದನ್ನು ಏನು ಮಾಡಬೇಕು? ಅದನ್ನು ಹಿಂದಿರುಗಿಸುವಂತಿಲ್ಲ, ಅದರ ಮೇಲೆ ಜಂಬ ಕೊಚ್ಚುವಂತೆಯೂ ಇಲ್ಲ.

ಹಾಗೆಂದು ಎಲ್ಲವೂ ಅದೃಷ್ಟವೆಂದರೆ ಅದೂ ತಪ್ಪು. ಅದೇ ತಂಡದಲ್ಲಿ ಚಂದ್ರಶೇಖರ್ ಇದ್ದರು. ಬಾಲ್ಯದಲ್ಲಿ ಪೋಲಿಯೋ ಬಂದು ಬಲಗೈ ಸೊರಗಿತ್ತು. ಆ ಕೈಯಲ್ಲೇ ಅವರು ಬೌಲಿಂಗ್ ಮಾಡಿದರು. ಕಾಯಿಲೆ ಹಣೆಬರಹವಿರಬಹುದು, ಅದರಿಂದ ಗೂಗ್ಲಿ ತೆಗೆದದ್ದು ದುಡಿಮೆ. ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮಳೆ ಯಾರ ಕೈಯಲ್ಲೂ ಇಲ್ಲ. ಆದರೆ ಕಟ್ಟೆ ಇಲ್ಲದಿದ್ದರೆ ವೇದಾವತಿ ಹರಿದು ಹೋಗುತ್ತಿತ್ತಷ್ಟೆ. ಅಂದು ಬಾಗಿನ, ಸಂಭ್ರಮ ಎಲ್ಲ ಆಯಿತು. ಅದೇ ಹೊತ್ತಿಗೆ ಹಿನ್ನೀರಿನ ಅಂಚಿನಲ್ಲಿರುವ ನಮ್ಮ ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳಿಗೆ ನೀರು ನುಗ್ಗಿತು. ಒಬ್ಬರ ತುಂಬಿದ ಕೆರೆ ಇನ್ನೊಬ್ಬರ ಮುಳುಗಿದ ತೋಟ. ಗೆಲುವಿನ ಸ್ವಭಾವವೇ ಹೀಗೆ.

ನನ್ನ ಬಿಎ, ಬಿಎಡ್ಡಿನ ಮಾತಿಗೆ ಬರುತ್ತೇನೆ. ನನ್ನ ಅಕ್ಕ ಓದಿನಲ್ಲಿ ನನಗಿಂತ ಚುರುಕು. ಅವಳು ಏಳನೇ ತರಗತಿಯಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದರು. ಮನೆಗೊಬ್ಬರು ಬೇಕಾಯಿತು. ದೊಡ್ಡವಳೆಂದು ಅವಳನ್ನು ಶಾಲೆ ಬಿಡಿಸಿದರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಮ್ಮ ಎದ್ದು ಓಡಾಡುತ್ತಿದ್ದರು. ಇಷ್ಟೇ. ನಾನು ಯಾರಿಗೂ ಮೋಸ ಮಾಡಲಿಲ್ಲ, ಲಾಂದ್ರದ ಬೆಳಕಿನಲ್ಲಿ ಕಷ್ಟಪಟ್ಟೇ ಓದಿದೆ. ಆದರೂ ಮೂರು ವರ್ಷ ಮೊದಲು ಹುಟ್ಟಿದ್ದರೆ ಸೀಮೇಸುಣ್ಣ ಅವಳ ಕೈಯಲ್ಲಿ, ಸೌಟು ನನ್ನ ಕೈಯಲ್ಲಿ ಇರುತ್ತಿತ್ತು. ನಮ್ಮ ವಯಸ್ಸಿನ ಹೆಂಗಸರ ಮನೆಗಳಲ್ಲಿ ಇಂಥ ಅಕ್ಕನೋ ತಂಗಿಯೋ ಒಬ್ಬಳಿಲ್ಲದ ಮನೆ ಕಡಿಮೆ.

ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದು ಡಿಗ್ರಿ ಮುಗಿಸಿದಳು. ನೆರೆಹೊರೆಯವರು "ಎಂಥಾ ಉಪಕಾರ ಮಾಡಿದ್ರಿ ಟೀಚರ್" ಎಂದರು. ಉಪಕಾರವಲ್ಲ, ಬಾಕಿ ಎಂದೆ. ಅಕ್ಕ ಮಾತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. "ನಿಂಗೆ ಸಿಕ್ತು, ನೀ ಓದಿದೆ. ಅದಕ್ಯಾಕೆ ಇಷ್ಟು ಯೋಚನೆ ಮಾಡ್ತೀಯೇ?" ಎನ್ನುತ್ತಾಳೆ. ಅವಳಿಗೆ ಹಾಗೆ ಹೇಳುವ ಹಕ್ಕಿದೆ. ನನಗೆ ಅದನ್ನು ಕೇಳಿ ಸುಮ್ಮನಿರುವ ಹಕ್ಕಿಲ್ಲ.

ಮರುವರ್ಷ, 1974-75ರ ಫೈನಲ್ಲಿನಲ್ಲಿ ಬೊಂಬಾಯಿ ಕರ್ನಾಟಕವನ್ನೇ ಸೋಲಿಸಿ ಟ್ರೋಫಿ ವಾಪಸು ಪಡೆಯಿತು. ಆಟದಲ್ಲಿ ಜಾರಿದವರಿಗೆ ಮುಂದಿನ ಋತುವಿರುತ್ತದೆ. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಮುಂದಿನ ಋತುವನ್ನು ಯಾರಾದರೂ ಮಾಡಿಕೊಡಬೇಕು. ನನ್ನ ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ನಡುವೆ ಓದು ನಿಲ್ಲಿಸಿದ ನಮ್ಮ ಬೀದಿಯ ಮೂವರು ಹೆಂಗಸರು ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರುತ್ತೇವೆಂದಿದ್ದಾರೆ. ಸಂಜೆ ಆರಕ್ಕೆ ಬರುತ್ತಾರೆ. ಒಬ್ಬರಿಗೆ ಗಣಿತವೆಂದರೆ ಭಯ, ಅಲ್ಲಿಂದಲೇ ಶುರು ಮಾಡಿದ್ದೇವೆ.