ಎತ್ತಿಟ್ಟ ಬೀಜ ಯಾರ ಪಾಲು?

12ನೇ ಶತಮಾನದ ಕಲ್ಯಾಣದಲ್ಲಿ ಶರಣ ಮಾರಯ್ಯನ ಕಾಯಕ, ಬಿದ್ದ ಅಕ್ಕಿ ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಆಯ್ದು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ನಾಳೆಗೆಂದು ಕೂಡಿಡುವುದು ಶರಣರಿಗೆ ಸಲ್ಲದು ಎಂಬುದು ಅವಳ ನಿಲುವು.

ಆದರೆ ಬೇಸಾಯಗಾರರ ಮನೆಯಲ್ಲಿ ನಾಳೆಗೆಂದು ಎತ್ತಿಡದೆ ಗತಿಯಿಲ್ಲ. ಸುಗ್ಗಿಯಲ್ಲಿ ಒಳ್ಳೆಯ ಕಾಳನ್ನೇ ಆರಿಸಿ ಬೇರೆ ಮಡಕೆಯಲ್ಲಿ ಇಡಬೇಕು. ಮುಂಗಾರಿನ ಮುಂಚೆ ಡಬ್ಬಿಗಳೆಲ್ಲ ಬರಿದಾದರೂ ಆ ಮಡಕೆಗೆ ಕೈ ಹಾಕುವಂತಿಲ್ಲ. ಹಾಗಾದರೆ ಬಿತ್ತನೆ ಬೀಜ ಕಾಯುವವರು ಲಕ್ಕಮ್ಮನ ಮುಂದೆ ತಪ್ಪಿತಸ್ಥರೇ?

ಹಳೇ ಮೈಸೂರು ಸೀಮೆಯ ಅವರೆಯನ್ನೇ ತೆಗೆದುಕೊಳ್ಳಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿದ್ದ ನಾಟಿ ಅವರೆ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಕಾಯಿ ಕೈಗೆ ಬರುವುದು ಮಾಗಿಯ ಚಳಿಯಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆಯ ಹೊಸ ತಳಿಗಳಿಗೆ ಈ ಕಟ್ಟಿಲ್ಲ, ಯಾವ ಕಾಲದಲ್ಲೂ ಕಾಯಿ ಕೊಡುತ್ತವೆ. ಅದು ದೊಡ್ಡ ಉಪಕಾರವೇ. ಆದರೂ ಸೊಗಡು ಬೇಕೆನ್ನುವವರು ಚಳಿಗಾಲಕ್ಕೇ ಕಾಯುತ್ತಾರೆ. ಆ ಸೊಗಡು ಇವತ್ತಿಗೂ ಉಳಿದಿದ್ದರೆ ಅದು ಮುಖ್ಯವಾಗಿ ರೈತ ಹೆಂಗಸರ ಕೈಗುಣ. ರೋಗ ತಗುಲದ, ಮೈತುಂಬ ಕಾಯಿ ಹಿಡಿದ ಗಿಡಗಳನ್ನು ಹೊಲದಲ್ಲೇ ಗುರುತಿಟ್ಟು, ಕಾಯಿ ಗಿಡದಲ್ಲೇ ಒಣಗಲು ಬಿಟ್ಟು, ಬಡಿದು, ಮೊರದಲ್ಲಿ ಕೇರಿ, ಬಿಸಿಲಿಗೆ ಹರಡಿ, ಬೂದಿ ಬೆರೆಸಿ ತುಂಬುತ್ತಾರೆ. ಒಣಗಿತೋ ಇಲ್ಲವೋ ಎಂಬುದಕ್ಕೆ ಹಲ್ಲೇ ಸಾಕ್ಷಿ: ಕಚ್ಚಿದರೆ ಹಲ್ಲಿನ ಗುರುತು ಬೀಳದೆ ಕಾಳು ಕಟ್ಟೆನ್ನಬೇಕು. ಇದನ್ನು ಕಲಿಯಬೇಕಾದವರು ಕಲಿತವರ ಪಕ್ಕದಲ್ಲಿ ಒಂದು ಸುಗ್ಗಿ ಕೂರಬೇಕು, ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಮಾಡಿ ಇಟ್ಟ ಬೀಜಕ್ಕೂ ಆಯುಸ್ಸು ಕೆಲವೇ ವರ್ಷ. ಬಂಗಾರ ಹೂತಿಟ್ಟರೆ ಬಂಗಾರವಾಗಿಯೇ ಇರುತ್ತದೆ; ಅವರೆ ಮೊಳಕೆಯ ಶಕ್ತಿ ಕಳೆದುಕೊಂಡು ಬರೀ ಬೇಳೆಯಾಗುತ್ತದೆ. ಅಂದಮೇಲೆ ಬೀಜವನ್ನು ಬಚ್ಚಿಟ್ಟು ಶ್ರೀಮಂತರಾಗಲು ಸಾಧ್ಯವಿಲ್ಲ. ಮಣ್ಣಿಗೆ ಹಾಕಬೇಕು, ನಾಲ್ಕು ಮನೆಗೆ ಕೊಡಬೇಕು. ಮಳೆ ಕೈಕೊಟ್ಟ ವರ್ಷ ಆ ನಾಲ್ಕು ಮನೆಯಲ್ಲೊಂದರಿಂದಲೇ ತಳಿ ಮರಳಿ ಬರಬೇಕು. ಲಕ್ಕಮ್ಮ ಬೇಡವೆಂದದ್ದು ತನ್ನೊಬ್ಬಳಿಗೆ ಉಳಿಯುವ ಅಕ್ಕಿಯನ್ನು. ಬೀಜದ ಮಡಕೆಯಲ್ಲಿರುವುದು ಕೊಡಬೇಕಾದ ಬಾಕಿ.

ಕಾಳು ಆರಿಸಿ ಉಳಿಸುವ ಅದೇ ಕೆಲಸ ಇನ್ನೊಂದು ದಾರಿಯನ್ನೂ ಹಿಡಿಯಬಹುದು. ಅಮೆರಿಕದ ಕೊಲರಾಡೊದ ಲ್ಯಾರಿ ಪ್ರಾಕ್ಟರ್ 1994ರಲ್ಲಿ ಮೆಕ್ಸಿಕೊದಲ್ಲಿ ಒಂದು ಚೀಲ ಬೀನ್ಸ್ ಕಾಳು ಕೊಂಡರು. ಹಳದಿ ಕಾಳುಗಳನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ, 1999ರಲ್ಲಿ ‘ಎನೋಲಾ’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದರು. ಮೆಕ್ಸಿಕೊದ ರೈತರು ತಲೆತಲಾಂತರದಿಂದ ಬೆಳೆದ ಹಳದಿ ಕಾಳನ್ನು ತರಿಸುತ್ತಿದ್ದ ವ್ಯಾಪಾರಿಗಳಿಂದ ಶುಲ್ಕ ಕೇಳಿದರು. ಕೊಲಂಬಿಯಾದಲ್ಲಿರುವ ಅಂತಾರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರ 2000ದಲ್ಲಿ ತಕರಾರು ಸಲ್ಲಿಸಿತು. ಪೇಟೆಂಟ್ ಪೂರ್ತಿ ಬಿದ್ದುಹೋದದ್ದು 2009ರಲ್ಲಿ. ಕಾಳು ಆರಿಸಿದ್ದರಲ್ಲಿ ತಪ್ಪೇನಿಲ್ಲ, ಅವರೆ ಬೆಳೆಯುವವರು ಮಾಡುವುದೂ ಅದನ್ನೇ. ಕಾಳು ತನಗೆ ಬಂದ ದಾರಿಯನ್ನು ತನ್ನ ಹಿಂದೆ ಮುಚ್ಚಿದ್ದು ತಪ್ಪು.

ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಆ ದಾರಿಯನ್ನು ತೆರೆದಿಟ್ಟಿದೆ. ರೈತರು ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಆದರೆ ಬೀಜ ಕಟ್ಟುವ ಕೈಗಳೇ ಇಲ್ಲವಾದರೆ ಈ ಹಕ್ಕನ್ನು ಚಲಾಯಿಸುವವರು ಯಾರು?

ಈ ಚಿಂತೆ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರಿಗೂ ಇದೆ. 1838–39ರಲ್ಲಿ ಅಮೆರಿಕದ ಸರ್ಕಾರ ಅವರನ್ನು ಪೂರ್ವದ ತವರಿನಿಂದ ಇಂದಿನ ಒಕ್ಲಹೋಮಕ್ಕೆ ಅಟ್ಟಿತು. ಸಾವಿರಾರು ಮಂದಿ ಸತ್ತರು. ಆ ಹಾದಿಯುದ್ದಕ್ಕೂ ತಿನ್ನದೆ ಹೊತ್ತು ತಂದದ್ದು ಎಂದು ಅವರು ನಂಬುವ ಕಪ್ಪು ಬೀನ್ಸ್ ಇಂದಿಗೂ ಬೆಳೆಯುತ್ತಿದೆ, ‘ಕಣ್ಣೀರಿನ ಹಾದಿ’ ಎಂಬ ಹೆಸರಲ್ಲೇ. 2020ರಲ್ಲಿ ಚೆರೋಕಿ ನೇಷನ್ ತನ್ನ ಪಾರಂಪರಿಕ ಬೀಜಗಳನ್ನು ನಾರ್ವೆಯ ಸ್ವಾಲ್ಬಾರ್ಡ್‌ನ ಹಿಮದ ಉಗ್ರಾಣಕ್ಕೆ ಕಳಿಸಿತು. ಹಾಗೆಂದು ಅಲ್ಲಿಗೇ ನಿಲ್ಲಿಸಲಿಲ್ಲ; ತನ್ನ ಜನರಿಗೆ ಬೀಜ ಹಂಚುವ ಕೆಲಸವನ್ನೂ ನಡೆಸಿಕೊಂಡು ಬಂದಿದೆ.